ಹಳೇ ಫೋರ್ಡ್ ಕನ್ವರ್ಟಿಬಲ್ ಕೊಳ್ಳುವ ಮುಂಚೆ ಕೆಳಗೆ ಮಲಗಿ ನೋಡಿ

1949, 50, 51. ಈ ಮೂರು ವರ್ಷದ ಫೋರ್ಡ್ ಕನ್ವರ್ಟಿಬಲ್ (ಮಡಚುವ ಬಟ್ಟೆ ಟಾಪಿನ ಕಾರು) ಮೇಲೆ ಕಣ್ಣಿದ್ದರೆ, ನೋಡಲು ಹೋಗುವಾಗ ಒಂದು ಹಳೇ ಚಾಪೆ, ಒಳ್ಳೆ ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಒಂದು ಅಳತೆ ಟೇಪು ತಗೊಂಡು ಹೋಗಿ. ಚೆಕ್ ಪುಸ್ತಕ ಮನೆಯಲ್ಲೇ ಇರಲಿ. ಮೊದಲ ಸಲ ನೋಡಿದಾಗ ಎಲ್ಲರಿಗೂ ತಲೆ ತಿರುಗುತ್ತದೆ. ಉದ್ದನೆ ಬಾನೆಟ್ಟು, ಗ್ರಿಲ್ ನಡುವೆ ಹೊಳೆಯುವ ಗುಂಡು, ಮಡಚಿಟ್ಟ ಬಟ್ಟೆಯ ಟಾಪು. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಕಾರನ್ನು ಬಿಸಿಲಲ್ಲಿ ನಿಲ್ಲಿಸಿರುತ್ತಾರೆ.

ನಾನು ಅಮೆರಿಕದ ಮಿಶಿಗನ್‌ನಲ್ಲಿ, ಫೋರ್ಡ್ ಕಂಪನಿಯ ಊರಾದ ಡಿಯರ್‌ಬಾರ್ನ್‌ಗೆ ಹತ್ತಿರದಲ್ಲೇ ಇರುವವಳು. ಕಾರು ಕಂಪನಿಗಳಿಗೆ ಬ್ರೇಕ್ ಭಾಗ ಮಾಡಿಕೊಡುವ ಕಡೆ ಕೆಲಸ ಮಾಡಿ ರಿಟೈರ್ ಆದೆ. ನಮ್ಮ ಗ್ಯಾರೇಜಿನಲ್ಲಿ 1950ರ ಕಸ್ಟಮ್ ಡಿಲಕ್ಸ್ ಕನ್ವರ್ಟಿಬಲ್ ಒಂದಿದೆ. ಈಗ ನಮ್ಮಣ್ಣನ ಮಗ ಓಹಿಯೋದಲ್ಲಿ ಅಂಥದ್ದೇ ಒಂದು ನೋಡಿಟ್ಟಿದ್ದಾನೆ. "ಅತ್ತೆ, ಪೂರ್ತಿ ರಿಸ್ಟೋರ್ ಆಗಿದೆಯಂತೆ, ಪೇಂಟಲ್ಲಿ ಮುಖ ಕಾಣುತ್ತೆ" ಅಂತ ಒಂದು ರಾಶಿ ಫೋಟೋ ಕಳಿಸಿದ. ಅದರಲ್ಲಿ ಅಡಿಭಾಗದ್ದು ಒಂದೂ ಇರಲಿಲ್ಲ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಈ ಕಾರೇ ಯಾಕೆ ಅಂತ ಎರಡು ಮಾತು. ಯುದ್ಧ ಮುಗಿದ ಮೇಲೆ ಫೋರ್ಡ್ ಪೂರ್ತಿ ಹೊಸದಾಗಿ ಮಾಡಿದ ಮೊದಲ ಕಾರು ಇದು. 1948ರ ಜೂನ್‌ನಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಜನರ ಮುಂದೆ ತಂದರು. ಅದಕ್ಕೂ ಮುಂಚಿನ ಫೋರ್ಡ್‌ಗಳಲ್ಲಿ ಮುಂದೊಂದು ಹಿಂದೊಂದು ಅಡ್ಡ ಪಾಟಾ (ಪಟ್ಟಿ ಸ್ಪ್ರಿಂಗು) ಇರುತ್ತಿತ್ತು. ಇದರಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗು, ಹಿಂದೆ ಉದ್ದುದ್ದಕ್ಕೆ ಎರಡು ಪಾಟಾ. ಮಡ್‌ಗಾರ್ಡ್ ಉಬ್ಬು ಹೋಗಿ ಬದಿ ಸಪಾಟಾಯಿತು. ಹಾಗಾಗಿ ಇಲ್ಲಿನವರು ಪ್ರೀತಿಯಿಂದ ಶೂಬಾಕ್ಸ್ ಅನ್ನುತ್ತಾರೆ. ವರ್ಷಕ್ಕೆ ನಲವತ್ತರಿಂದ ಐವತ್ತು ಸಾವಿರದ ಆಸುಪಾಸು ಕನ್ವರ್ಟಿಬಲ್ ಮಾಡಿದ್ದರಿಂದ ಇವತ್ತಿಗೂ ಸಿಗುತ್ತವೆ, ಬಿಡಿಭಾಗವೂ ಸಿಗುತ್ತದೆ. ಮೂರರಲ್ಲಿ ನನ್ನ ಓಟು 1950ಕ್ಕೆ. 49ರದ್ದು ಅವಸರದಲ್ಲಿ ಮಾರುಕಟ್ಟೆಗೆ ಬಂದ ಕಾರು. ಧೂಳು, ನೀರು ಒಳಗೆ ಬರುತ್ತಿತ್ತು, ಗಡಗಡ ಸದ್ದು, ಬಾಗಿಲಿನ ಚಿಲಕವೂ ಸರಿಯಿರಲಿಲ್ಲ. ಮುಂದಿನ ವರ್ಷ ಅದನ್ನೆಲ್ಲ ರಿಪೇರಿ ಮಾಡಿದರು. ಬಾಗಿಲ ಹಿಡಿಯಲ್ಲಿ ಒತ್ತುವ ಬಟನ್ ಇದ್ದರೆ, ಬಾನೆಟ್ ತುದಿಯಲ್ಲಿ ಅಕ್ಷರದ ಬದಲು ಲಾಂಛನ ಇದ್ದರೆ 50ರದ್ದು ಅಂತ ದೂರದಿಂದಲೇ ಹೇಳಬಹುದು. 51ರಲ್ಲಿ ಗ್ರಿಲ್ ಮೇಲೆ ಎರಡು ಗುಂಡು ಬಂತು.

ಮೊದಲು ಫೋಟೋ ಕೇಳಿ

ಮನೆ ಬಿಡುವ ಮುಂಚೆಯೇ ಮಾರುವವರಿಗೆ ಒಂದು ಪ್ರಶ್ನೆ ಹಾಕಿ: ರಿಪೇರಿ ನಡೆಯುವಾಗ ತೆಗೆದ ಫೋಟೋ ಇದೆಯಾ? ಮುಗಿದ ಮೇಲಿನದ್ದು ಬೇಡ, ನಡುವೆ ತೆಗೆದದ್ದು ಬೇಕು. ಫೋಟೋ ಬಂದರೆ ಬಾಗಿಲಿನ ಜಾಗ ನೋಡಿ. ನೆಲದ ತಗಡು ಕತ್ತರಿಸುವ ಮೊದಲು ಬಾಗಿಲಿನ ಚೌಕದೊಳಗೆ ಕಬ್ಬಿಣದ ಪೈಪನ್ನು ಅಡ್ಡಡ್ಡ ವೆಲ್ಡ್ ಮಾಡಿದ್ದಾರಾ?

ಇದನ್ನು ಯಾಕೆ ಕೇಳುತ್ತೇನೆ ಅಂದರೆ, ಸಾಮಾನ್ಯ ಕಾರಿನಲ್ಲಿ ತಲೆ ಮೇಲಿನ ತಗಡೂ ಬಾಡಿಯನ್ನು ಹಿಡಿದುಕೊಂಡಿರುತ್ತದೆ. ಕನ್ವರ್ಟಿಬಲ್‌ನಲ್ಲಿ ಅದಿಲ್ಲ. ಮುಂಭಾಗಕ್ಕೂ ಹಿಂಭಾಗಕ್ಕೂ ಇರುವ ಸಂಬಂಧ ಎಲ್ಲ ನೆಲದಲ್ಲೇ. ತುಕ್ಕು ಹಿಡಿದ ನೆಲವನ್ನು ಆಸರೆ ಇಲ್ಲದೆ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಕೂದಲೆಳೆಯಷ್ಟು ಕುಸಿಯುತ್ತದೆ. ಅದೇ ಸ್ಥಿತಿಯಲ್ಲಿ ಹೊಸ ತಗಡು ವೆಲ್ಡ್ ಮಾಡಿಬಿಟ್ಟರೆ ಆ ಕುಸಿತ ಅಲ್ಲೇ ಕಾಯಂ. ಆಮೇಲೆ ಎಷ್ಟು ಸಾವಿರ ಡಾಲರಿನ ಪೇಂಟ್ ಹೊಡೆದರೂ ಬಾಗಿಲು ನೆಟ್ಟಗೆ ಕೂರುವುದಿಲ್ಲ. ಕೂರಿಸಲು ಬಾಗಿಲನ್ನೇ ಉಜ್ಜಿ, ಪುಟ್ಟಿ ತುಂಬಿ ಆಕಾರ ತಂದಿರುತ್ತಾರೆ. ಅಡ್ಡ ಪೈಪು ಹಾಕಿದ ಫೋಟೋ ಇದ್ದರೆ ಕೆಲಸ ತಿಳಿದವರ ಕೈಗೆ ಆ ಕಾರು ಸಿಕ್ಕಿತ್ತು ಅಂತ ಅರ್ಥ. ಫೋಟೋ ಒಂದೂ ಇಲ್ಲ ಅಂದರೆ ಕಾರು ಕೆಟ್ಟದ್ದು ಅಂತೇನಲ್ಲ. ಆದರೆ ಅಂಥ ಕಾರಿಗೆ ಫೋಟೋ ಇರುವ ಕಾರಿನ ಬೆಲೆ ಕೊಡಬೇಡಿ.

ಇನ್ನೊಂದು ಮಾತನ್ನೂ ಅದೇ ಫೋನಿನಲ್ಲಿ ಹೇಳಿಬಿಡಿ. "ನಾನು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ." ಯಾಕೆ ಅಂತ ಮುಂದೆ ಹೇಳುತ್ತೇನೆ.

ಚಾಪೆ ಹಾಸಿ

ಹೋದ ತಕ್ಷಣ ಪೇಂಟ್ ಹೊಗಳಬೇಡಿ. ನಮಸ್ಕಾರ ಹೇಳಿ, ಚಾಪೆ ಹಾಸಿ ಕೆಳಗೆ ಮಲಗಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಹೋಗಬೇಡಿ. ಸ್ಟ್ಯಾಂಡ್ ಇಟ್ಟಿರಬೇಕು. ಇಲ್ಲದಿದ್ದರೆ ನಾಲ್ಕೂ ಚಕ್ರ ನೆಲದ ಮೇಲಿರಲಿ. ಈ ಕಾರು ಸಾಕಷ್ಟು ಎತ್ತರ ಇದೆ, ಟಾರ್ಚು ಬಿಟ್ಟರೆ ಬೇಕಾದ್ದು ಕಾಣುತ್ತದೆ.

ಮೊದಲು ಕಾಣಬೇಕಾದ್ದು ಫ್ರೇಮಿನ, ಅಂದರೆ ಬಾಡಿ ಕೂರುವ ಕಬ್ಬಿಣದ ಚೌಕಟ್ಟಿನ, ನಡುವಿನ ದೊಡ್ಡ ಕತ್ತರಿ ಆಕಾರ. ಎರಡು ದಪ್ಪ ಕಬ್ಬಿಣದ ತೊಲೆ ಒಂದನ್ನೊಂದು ದಾಟಿ ಹೋಗಿರುತ್ತವೆ. ಟಾಪಿಲ್ಲದ ಬಾಡಿಗೆ ಬಲ ಬರಲಿ ಅಂತ ಫೋರ್ಡ್ ಕನ್ವರ್ಟಿಬಲ್ ಫ್ರೇಮಿಗೆ ಇದನ್ನು ಹಾಕಿತು. ಇದು ಇಲ್ಲವೇ ಇಲ್ಲ ಅಂದರೆ ಯಾರೋ ಕೂಪೆ (ಎರಡು ಬಾಗಿಲಿನ, ತಗಡಿನ ಟಾಪಿನ) ಕಾರಿನ ತಲೆ ಕತ್ತರಿಸಿ ಬಟ್ಟೆ ಹೊದಿಸಿದ್ದಾರೆ ಅಂತ ತಿಳಿಯಿರಿ. ಎದ್ದು, ಚಾಪೆ ಸುತ್ತಿ, ಊಟಕ್ಕೆ ಹೋಗಿ.

ಕತ್ತರಿ ಇದ್ದರೆ ಅದರ ಕಾಲುಗಳು ಉದ್ದನೆ ತೊಲೆಗೆ ಸೇರುವ ನಾಲ್ಕೂ ಮೂಲೆಗೆ ಟಾರ್ಚು ಬಿಡಿ. ಕೆಸರು ನಿಂತು ತುಕ್ಕು ಶುರುವಾಗುವುದು ಅಲ್ಲಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಪೊಳ್ಳಾದದ್ದು ದಡ್ ಅನ್ನುತ್ತದೆ, ಜೊತೆಗೆ ಒಳಗಿಂದ ಪುಡಿ ಜರ್ರನೆ ಉದುರುವುದು ಕೇಳುತ್ತದೆ. ಆಮೇಲೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಡಬ್ಬಿ ಪಟ್ಟಿ. ಇಲ್ಲಿ ಅದಕ್ಕೆ ರಾಕರ್ ಅನ್ನುತ್ತಾರೆ. ಹೊರಗಿನ ತಗಡು ಹೊಸದಾಗಿ ಹೊಳೆಯುತ್ತಿರುತ್ತದೆ. ನೀವು ನೋಡಬೇಕಾದ್ದು ಒಳಗಿನದು. ಹಳೇ ಕೊಳೆತ ತಗಡಿನ ಮೇಲೇ ಹೊಸದು ಹೊದಿಸಿ ವೆಲ್ಡ್ ಮಾಡಿದ್ದರೆ ಅಂಚಿನಲ್ಲಿ ಎರಡು ಪದರ ಕಾಣುತ್ತದೆ. ಡಿಕ್ಕಿಯ ನೆಲ, ಪೆಡಲ್ ಮುಂದಿನ ಓರೆ ತಗಡು, ಬಾಡಿ ಫ್ರೇಮಿನ ಮೇಲೆ ಕೂರುವ ರಬ್ಬರ್ ಮೌಂಟಿನ ಸುತ್ತಮುತ್ತ, ಇವನ್ನೂ ಬಿಡಬೇಡಿ.

ಅಡಿ ಪೂರ್ತಿ ಡಾಂಬರಿನ ಥರ ಹೊಸ ಕಪ್ಪು ಬಳಿದಿದ್ದರೆ ನನಗಂತೂ ಅನುಮಾನ ಬರುತ್ತದೆ. ಒಳ್ಳೆ ವೆಲ್ಡಿಂಗ್ ಮಾಡಿದವನು ಅದನ್ನು ತೋರಿಸಬೇಕು ಅಂತಿರುತ್ತಾನೆ, ಮುಚ್ಚಬೇಕು ಅಂತಲ್ಲ.

ನಮ್ಮ ಕಡೆಯ ಕಾರುಗಳಿಗೆ ತುಕ್ಕು ಹೆಚ್ಚು. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ಊರಿನ ಕೆಳಗೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿ ಇದೆ. ಕಾರು ಮಾಡುವ ಊರಿನ ಹೊಟ್ಟೆಯಲ್ಲೇ ಕಾರು ತಿನ್ನುವ ಸಾಮಾನು! ಅರಿಜೋನಾ, ನ್ಯೂಮೆಕ್ಸಿಕೋ ಕಡೆಯ ಕಾರಿಗೆ ತುಕ್ಕಿನ ಕಾಟ ಕಮ್ಮಿ, ಆದರೆ ಬಿಸಿಲಿಗೆ ರಬ್ಬರು, ಸೀಟು ಎಲ್ಲ ಪುಡಿ. ರಬ್ಬರನ್ನು ಬದಲಾಯಿಸಬಹುದು. ಫ್ರೇಮ್ ಬದಲಾಯಿಸುವುದು ಹುಡುಗಾಟ ಅಲ್ಲ.

ನಂಬರು ನೋಡಿ

ಈ ಮೂರೂ ವರ್ಷ ಕನ್ವರ್ಟಿಬಲ್ ಬಂದದ್ದು ವಿ8, ಅಂದರೆ ಎಂಟು ಸಿಲಿಂಡರಿನ, ಎಂಜಿನ್ನಿನಲ್ಲಿ ಮಾತ್ರ. ಆರು ಸಿಲಿಂಡರಿನದ್ದು ಸೆಡಾನ್, ಕೂಪೆಗಳಲ್ಲಿತ್ತು. ಇದರಿಂದ ನಮಗೊಂದು ಅನುಕೂಲ. 49ರ ವಿ8 ಕಾರಿನ ನಂಬರು 98ಬಿಎ ಅಂತ ಶುರುವಾಗುತ್ತದೆ, ಆರು ಸಿಲಿಂಡರಿನದ್ದು 98ಎಚ್‌ಎ. 50, 51ರಲ್ಲಿ ಮೊದಲ ಅಕ್ಷರ ವಿ8ಗೆ ಬಿ, ಆರಕ್ಕೆ ಎಚ್. ಅದರ ಪಕ್ಕದ ಅಂಕಿ ವರ್ಷದ್ದು. ಕನ್ವರ್ಟಿಬಲ್ ಅಂತ ಮಾರಲು ಇಟ್ಟ ಕಾರಿನ ಪತ್ರದಲ್ಲಿ ಎಚ್ ಕಂಡರೆ ಅದು ಹುಟ್ಟಿದ್ದೇ ಬೇರೆ ಕಾರಾಗಿ. ಬಾಡಿ ನಂಬರು 76 ಇರಬೇಕು. ಈ ನಂಬರಿರುವ ಲೋಹದ ಪ್ಲೇಟನ್ನು ಹೊಸದಾಗಿ ಮಾಡಿಸುವುದು ಸುಲಭ, ಹಾಗಾಗಿ ಪ್ಲೇಟ್ ಒಂದನ್ನೇ ನಂಬಬೇಡಿ. ಫ್ರೇಮಿನ ಮೇಲೆ ಒತ್ತಿದ ನಂಬರು, ಪ್ಲೇಟು, ಮಾಲೀಕತ್ವದ ಪತ್ರ, ಮೂರೂ ತಾಳೆಯಾಗಲಿ. ಒಂದು ಅಂಕಿ ಹೆಚ್ಚುಕಮ್ಮಿ ಇದ್ದರೂ ಅದನ್ನು ಸರಿಪಡಿಸುವ ಕೆಲಸ ಮಾರುವವರದ್ದು, ದುಡ್ಡು ಕೈ ಬದಲಾಗುವ ಮುಂಚೆ.

ಬಾಗಿಲಿಗೆ ಸ್ವಲ್ಪ ಹೊತ್ತು ಕೊಡಿ

ಎರಡೂ ಬಾಗಿಲು ಮುಚ್ಚಿ, ಹಿಂದಿನ ಅಂಚಿನ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಬಾಡಿ ನಡುವೆ ಕುಸಿದಿದೆ ಅಂತ. ಈಗ ಮಾರುವವರನ್ನು ಕೇಳಿ ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿಸಿ, ಸಂದನ್ನು ಮತ್ತೆ ಅಳೆಯಿರಿ. ಬಾಗಿಲು ತೆರೆದು ಮುಚ್ಚಿ. ಒಳ್ಳೆ ಕಾರಿನಲ್ಲಿ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ, ಬಾಗಿಲು ಮೊದಲಿನಂತೆಯೇ ಮುಚ್ಚುತ್ತದೆ. ಚಿಲಕ ಹಿಡಿದುಕೊಂಡರೆ, ಬಾಗಿಲು ಕಂಬಕ್ಕೆ ಉಜ್ಜಿದರೆ, ಕತ್ತರಿ ತೊಲೆಯೋ ರಾಕರೋ ಎಲ್ಲೋ ಸೋತಿದೆ. ಬಾಗಿಲ ಹಿಂದಿನ ಅಂಚಿನ ಪೇಂಟನ್ನು ಬೆರಳಿನಿಂದ ಸವರಿ ನೋಡಿ. ಒಂದೇ ಕಡೆ ಉಗುರಗಲ ಪೇಂಟು ಸವೆದು ಪ್ರೈಮರ್ ಕಾಣುತ್ತಿದ್ದರೆ, ಓಡುವಾಗ ಬಾಡಿ ತಿರುಚಿಕೊಂಡು ಅಲ್ಲಿ ಉಜ್ಜುತ್ತಿದೆ. ತೊಳೆದು ಪಾಲಿಷ್ ಮಾಡಿಟ್ಟ ಕಾರಿನಲ್ಲೂ ಇದೊಂದನ್ನು ಮುಚ್ಚಿಡಲು ಆಗುವುದಿಲ್ಲ.

ಅಯಸ್ಕಾಂತದ ಕೆಲಸ ಎಲ್ಲರಿಗೂ ಗೊತ್ತೇ ಇದೆ. ಹಿಂದಿನ ಚಕ್ರದ ಸುತ್ತ, ಬಾಗಿಲ ಕೆಳಭಾಗ, ಹೆಡ್‌ಲೈಟ್ ಸುತ್ತ ಮೆಲ್ಲಗೆ ಇಟ್ಟು ನೋಡಿ. ಹಿಡಿಯದಿದ್ದರೆ ಕೆಳಗೆ ಪುಟ್ಟಿ. ತೆಳ್ಳಗೆ ಅಲ್ಲಲ್ಲಿ ಇದ್ದರೆ ಪರವಾಗಿಲ್ಲ. ಆ ಕಾಲದಲ್ಲಿ ಫ್ಯಾಕ್ಟರಿಯವರೂ ಬೆಸುಗೆಯ ಜಾಗಕ್ಕೆ ಸೀಸ ತುಂಬುತ್ತಿದ್ದರು, ಅದಕ್ಕೂ ಅಯಸ್ಕಾಂತ ಹಿಡಿಯುವುದಿಲ್ಲ. ಅಂಗೈ ಅಗಲ ಜಾಗ ಬೋಳಾಗಿ ಬಂದರೆ ಮಾತ್ರ ಬೆಲೆ ಮಾತಾಡಿ.

ಎಂಜಿನ್

ಬಾನೆಟ್ ತೆರೆದ ಕೂಡಲೇ ಎಂಜಿನ್ ಮುಟ್ಟಿ. ಬೆಚ್ಚಗಿದ್ದರೆ ನಿಮ್ಮ ಮಾತು ಕೇಳಿಲ್ಲ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಬೆಚ್ಚಗೆ ಮಾಡಿಟ್ಟಿದ್ದರೆ ಆ ಅರ್ಧ ನಿಮಗೆ ಸಿಗಲಿಲ್ಲ. ಸಂಜೆ ತನಕ ಕಾಯಿರಿ, ಇಲ್ಲ ಇನ್ನೊಂದು ದಿನ ಬನ್ನಿ.

ಇದು ಫ್ಲಾಟ್‌ಹೆಡ್ ವಿ8. 239 ಘನ ಇಂಚು, 100 ಅಶ್ವಶಕ್ತಿ. 1932ರಲ್ಲಿ ಶುರುವಾದ ಈ ವಂಶ ಅಮೆರಿಕದಲ್ಲಿ 1953ಕ್ಕೆ ಮುಗಿಯಿತು. ವಾಲ್ವು ಹೆಡ್ಡಿನಲ್ಲಿಲ್ಲ (ಎಂಜಿನ್ನಿನ ಮೇಲಿನ ಮುಚ್ಚಳ), ಬ್ಲಾಕಿನಲ್ಲೇ (ಸಿಲಿಂಡರುಗಳಿರುವ ದೊಡ್ಡ ಎರಕ) ಇದೆ. ಸುಟ್ಟ ಹೊಗೆ ಹೊರಗೆ ಬರಲು ಬ್ಲಾಕಿನ ಒಳಗೇ ದಾರಿ ಮಾಡಿದ್ದಾರೆ. ಆ ದಾರಿ ಕೂಲಿಂಗ್ ನೀರಿನ ಪಕ್ಕದಲ್ಲೇ ಹಾದು ಹೋಗುವುದರಿಂದ ನೀರು ಬೇಗ ಬಿಸಿಯಾಗುತ್ತದೆ. ಅದಕ್ಕೇ ಎರಡು ವಾಟರ್ ಪಂಪು, ಎರಡು ಥರ್ಮೋಸ್ಟಾಟು. ಫ್ಲಾಟ್‌ಹೆಡ್ ಅಂದರೆ ಕುದಿಯುವುದೇ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕುದಿಯುವುದು ಒಳಗೆ ಕೊಳೆ ತುಂಬಿದ ಫ್ಲಾಟ್‌ಹೆಡ್. ಬ್ಲಾಕ್ ಎರಕ ಹೊಯ್ಯುವಾಗ ಬಳಸಿದ ಮರಳು ಎಷ್ಟೋ ಎಂಜಿನ್ನಿನಲ್ಲಿ ಇವತ್ತಿಗೂ ನೀರಿನ ದಾರಿಯಲ್ಲಿ ಕೂತಿರುತ್ತದೆ, ಅದರ ಮೇಲೆ ಎಪ್ಪತ್ತು ವರ್ಷದ ತುಕ್ಕು. ರಿಪೇರಿ ಮಾಡಿದವರು ಬ್ಲಾಕನ್ನು ಸರಿಯಾಗಿ ತೊಳೆಸಿ, ಬಿರುಕು ಪರೀಕ್ಷೆ ಮಾಡಿಸಿದ್ದಾರಾ ಕೇಳಿ. ಮಷೀನ್ ಶಾಪಿನ ಬಿಲ್ಲು ತೋರಿಸಲಿ. ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ, ಬೋಲ್ಟ್ ತೂತಿನಿಂದ ನೀರಿನ ದಾರಿಗೆ ಬಿರುಕು ಬಿಡುವುದು ಈ ಬ್ಲಾಕಿನ ಹಳೇ ಕಾಯಿಲೆ. ಸಣ್ಣದನ್ನು ಪಿನ್ ಹೊಡೆದು ಮುಚ್ಚಬಹುದು. ದೊಡ್ಡದಾದರೆ ಬೇರೆ ಬ್ಲಾಕ್ ಹುಡುಕಬೇಕು.

ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ನೀರು ಕಾಫಿ ಬಣ್ಣಕ್ಕಿದ್ದರೆ ತುಕ್ಕು, ಮೇಲೆ ಎಣ್ಣೆ ತೇಲಿದರೆ ಗಾಸ್ಕೆಟ್ಟೋ (ಹೆಡ್ಡು, ಬ್ಲಾಕಿನ ನಡುವಿನ ಸೀಲು) ಬಿರುಕೋ. ಆಯಿಲ್ ಕಡ್ಡಿ ಎಳೆದು ನೋಡಿ, ಹಾಲು ಬೆರೆಸಿದ ಹಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಎರಡೂ ಸರಿ ಇದ್ದರೆ ಮುಚ್ಚಳ ತೆಗೆದೇ ಇಟ್ಟು ಸ್ಟಾರ್ಟ್ ಮಾಡಿಸಿ. ಮೊದಲ ನಿಮಿಷದಲ್ಲೇ ನೀರಿನಲ್ಲಿ ಬಿಡದೆ ಗುಳ್ಳೆ ಬಂದರೆ ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ. ಬಿಸಿಯಾದ ಮೇಲೆ ಮಾತ್ರ ಆ ಮುಚ್ಚಳಕ್ಕೆ ಕೈ ಹಾಕಬೇಡಿ. ಎಂಟೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಅಳೆಸಿ. ಒಂದೊಂದರ ಅಂಕಿಗಿಂತ ಎಂಟೂ ಹತ್ತಿರ ಹತ್ತಿರ ಇರುವುದು ಮುಖ್ಯ. ಅಕ್ಕಪಕ್ಕದ ಎರಡು ಒಟ್ಟಿಗೆ ಕಮ್ಮಿ ತೋರಿಸಿದರೆ ನಡುವಿನ ಗಾಸ್ಕೆಟ್ ಹೋಗಿರುತ್ತದೆ.

ಕಾರ್ಬ್ಯುರೇಟರ್ ಕಡೆ ಒಂದು ನೋಟ ಹಾಕಿ. ಸಿಲಿಂಡರುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಈ ಎಂಜಿನ್ನಿನಲ್ಲಿ ಲೋಡ್-ಒ-ಮ್ಯಾಟಿಕ್ ಅಂತ ಹೆಸರು. ಸ್ಪಾರ್ಕ್ ಎಷ್ಟು ಮುಂಚೆ ಹೊಡೆಯಬೇಕು ಅನ್ನುವುದಕ್ಕೆ ಇದು ಕಾರ್ಬ್ಯುರೇಟರಿನಿಂದ ಬರುವ ವ್ಯಾಕ್ಯೂಮ್ ಒಂದನ್ನೇ ನೆಚ್ಚಿಕೊಂಡಿದೆ. ಎಂಜಿನ್ ವೇಗಕ್ಕೆ ತಕ್ಕಂತೆ ಸ್ಪಾರ್ಕ್ ಸರಿಸುವ ತೂಕದ ಗುಂಡುಗಳು ಒಳಗಿಲ್ಲ. ಚೆಂದಕ್ಕೆ ಅಂತ ಬೇರೆ ಕಾರ್ಬ್ಯುರೇಟರ್ ಕೂರಿಸಿ, ಹಳೇ ಡಿಸ್ಟ್ರಿಬ್ಯೂಟರ್ ಹಾಗೇ ಬಿಟ್ಟಿದ್ದರೆ ಟೈಮಿಂಗ್ ಎಂದೂ ಸರಿ ಬರುವುದಿಲ್ಲ, ಎಂಜಿನ್ ಬಿಸಿಯೂ ಆಗುತ್ತದೆ. ಆಮೇಲೆ ಬೈಗುಳ ರೇಡಿಯೇಟರಿಗೆ!

ಬೇಸಿಗೆಯಲ್ಲಿ ಬಿಸಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಹೊಡೆದು ನೋಡಿ. ಪೆಟ್ರೋಲ್ ಪಂಪು ಎಂಜಿನ್ನಿನ ಮೇಲೇ, ಹಿಂದುಗಡೆ ಕೂತಿದೆ. ಶಾಖಕ್ಕೆ ಪೆಟ್ರೋಲ್ ಆವಿಯಾಗಿ ಗಾಡಿ ಮುಷ್ಕರ ಹೂಡುತ್ತದೆ. ಪೈಪಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಿಕ್ಕಿಸುವವರನ್ನು ಇಲ್ಲಿ ಪ್ರತೀ ಮೇಳದಲ್ಲೂ ನೋಡುತ್ತೀರಿ. ಅದರಿಂದ ಏನಾದರೂ ಆಗುತ್ತದೆ ಅಂತ ನನಗನ್ನಿಸಿಲ್ಲ. ಟ್ಯಾಂಕಿನ ಹತ್ತಿರ ಸಣ್ಣ ಎಲೆಕ್ಟ್ರಿಕ್ ಪಂಪು ಹಾಕಿಸಿದ್ದರೆ ಒಳ್ಳೆಯದೇ. ಅಪಘಾತವಾದರೆ ತಾನಾಗಿ ನಿಲ್ಲುವ ಸ್ವಿಚ್ ಅದಕ್ಕಿರಬೇಕು.

ಕರೆಂಟು

ಈ ಕಾರು 6 ವೋಲ್ಟಿನದು, ಅದೂ ಪಾಸಿಟಿವ್ ಅರ್ಥ್. ಬ್ಯಾಟರಿಯ ಪ್ಲಸ್ ತಂತಿ ಬಾಡಿಗೆ ಹೋಗುತ್ತದೆ. ತಮ್ಮ ಕಾರಿನ ಬ್ಯಾಟರಿಯಿಂದ ಜಂಪ್ ಕೊಡಲು ಬರುವ ಒಳ್ಳೆ ಮನಸ್ಸಿನ ನೆರೆಯವರಿಂದ ಕಾಪಾಡಿಕೊಳ್ಳಿ. 6 ವೋಲ್ಟ್ ಅಂದರೆ ಸೆಲ್ಫ್ ನಿಧಾನ ಅಂತ ಗೊಣಗುವವರ ಕಾರಿನಲ್ಲಿ ಬ್ಯಾಟರಿ ಕೇಬಲ್ ನೋಡಿ. ಮಾಮೂಲಿ ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ತೆಳು ಕೇಬಲ್ ಹಾಕಿರುತ್ತಾರೆ. ವೋಲ್ಟೇಜ್ ಅರ್ಧ ಆದರೆ ಕರೆಂಟು ದುಪ್ಪಟ್ಟು ಬೇಕು, ಅದಕ್ಕೆ ಬೆರಳು ಗಾತ್ರದ ತಾಮ್ರ ಬೇಕು. ಕೇಬಲ್ ಬದಲಾಯಿಸಿ, ಅರ್ಥ್ ಜಾಗದ ಪೇಂಟ್ ಕೆರೆದು ಬಿಗಿ ಮಾಡಿದರೆ ಹೊಸ ಗಾಡಿಯ ಹಾಗೆ ತಿರುಗುತ್ತದೆ. 12 ವೋಲ್ಟಿಗೆ ಬದಲಾಯಿಸಿದ ಕಾರೇ ಸಿಕ್ಕರೆ ಬೇಡ ಅನ್ನಬೇಡಿ. ಟಾಪಿನ ಮೋಟರು, ಹೀಟರು, ಗೇಜು, ಓವರ್‌ಡ್ರೈವ್ (ಹೆದ್ದಾರಿಗೆ ಇರುವ ಹೆಚ್ಚುವರಿ ಗೇರು) ಹಾಕುವ ಕರೆಂಟಿನ ಸೊಲೆನಾಯ್ಡ್, ಇವಕ್ಕೆ ಏನು ಮಾಡಿದ್ದೀರಿ ಅಂತ ಒಂದೊಂದಾಗಿ ಕೇಳಿ. ಉತ್ತರ ತಡವರಿಸಿದರೆ ಎಲ್ಲೋ ಒಂದು ಕಡೆ ಸುಟ್ಟ ವಾಸನೆ ಬಂದೇ ಬರುತ್ತದೆ.

ಟಾಪು

ಮಾರುವವರು ಟಾಪನ್ನು ಒಮ್ಮೆ ಇಳಿಸಿ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ನೀವು ಇಳಿಸಿ, ಏರಿಸಿ, ಮತ್ತೆ ಇಳಿಸಿ. ಎಂಜಿನ್ ಓಡುತ್ತಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಕಾರು ನಿಂತಿರಲಿ. ಗಾಜಿನ ಮೇಲಿನ ಎರಡೂ ಕೊಂಡಿ ಬಿಚ್ಚಿ. ಹಿಂದಿನ ಕಿಟಕಿಗೆ ಜಿಪ್ಪಿದ್ದರೆ ಬಿಚ್ಚಿ. ಟಾಪು ಮಡಚಿ ಕೂರುವ ಗುಂಡಿಯಲ್ಲಿ ಕೊಡೆ, ಚೀಲ, ಮಕ್ಕಳ ಆಟದ ಸಾಮಾನು ಏನೂ ಇಲ್ಲ ಅಂತ ಕೈ ಹಾಕಿ ನೋಡಿ. ಆಮೇಲೆ ಸ್ವಿಚ್. ಮೋಟರು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಎರಡು ಬದಿಯ ಸಿಲಿಂಡರಿಗೆ ತಳ್ಳುತ್ತದೆ. ಎರಡೂ ಬದಿ ಒಟ್ಟಿಗೆ ಏಳಬೇಕು. ಒಂದು ಬದಿ ಹಿಂದುಳಿದು ಟಾಪು ಸೊಟ್ಟಗಾದರೆ ಪೈಪಿನಲ್ಲಿ ಗಾಳಿ ಇದೆ, ಇಲ್ಲ ಆ ಬದಿಯ ಸಿಲಿಂಡರು ಸೋರುತ್ತಿದೆ. ತುದಿ ಮುಟ್ಟಿದ ಕ್ಷಣ ಸ್ವಿಚ್ ಬಿಡಿ. ಒತ್ತಿ ಹಿಡಿದರೆ ಸೀಲು ಹೋಗುತ್ತದೆ.

ಆಮೇಲೆ ಹಿಂದಿನ ಸೀಟಿನ ಪಕ್ಕ, ಕೆಳಗೆ ಕಾರ್ಪೆಟ್ಟಿಗೆ ಬೆರಳು ಒತ್ತಿ ಮೂಸಿ ನೋಡಿ. ಫ್ಯಾಕ್ಟರಿಯಿಂದ ಬಂದಾಗ ಈ ವ್ಯವಸ್ಥೆಯಲ್ಲಿ ಬ್ರೇಕ್ ಆಯಿಲ್ ಇತ್ತು. ಅದು ಸೋರಿದರೆ ಪೇಂಟನ್ನು ಸುಲಿದು ಹಾಕುತ್ತದೆ. ಸೀಟಿನ ಹಿಂದಿನ ತಗಡಿನಲ್ಲಿ ಪೇಂಟು ಗುಳ್ಳೆ ಎದ್ದಿದ್ದರೆ ಕಾರಣ ಇದೇ. ಈಚೆಗೆ ಹೊಸ ಪಂಪು ಹಾಕಿಸಿದವರು ಆಟೊಮ್ಯಾಟಿಕ್ ಗೇರಿನ ಎಣ್ಣೆ ಬಳಸುತ್ತಾರೆ. ಯಾವುದು ತುಂಬಿದ್ದಾರೆ ಕೇಳಿ ಬರೆದಿಟ್ಟುಕೊಳ್ಳಿ. ಎರಡನ್ನೂ ಬೆರೆಸಿದರೆ ಒಳಗಿನ ರಬ್ಬರು ಊದಿಕೊಂಡು ಎಲ್ಲ ಕೆಲಸ ಹಾಳು.

ಮನೆಗೆ ತಂದ ಮೇಲೆ ಎರಡು ಮಾತು ನೆನಪಿರಲಿ. ಒದ್ದೆ ಟಾಪನ್ನು ಮಡಚಬೇಡಿ, ಬೂಷ್ಟು ಬರುತ್ತದೆ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದ್ದಾದರೆ ಚಳಿಯಲ್ಲಿ ಮಡಚಬೇಡಿ, ಹಪ್ಪಳದ ಹಾಗೆ ಮುರಿಯುತ್ತದೆ. ಚಳಿಗಾಲ ಪೂರ್ತಿ ಟಾಪು ಏರಿಸಿ, ಕೊಂಡಿ ಹಾಕಿಯೇ ನಿಲ್ಲಿಸಿ. ಮಡಚಿಟ್ಟ ಬಟ್ಟೆ ಕುಗ್ಗಿದರೆ ಏಪ್ರಿಲ್‌ನಲ್ಲಿ ಗಾಜಿನ ತನಕ ಮುಟ್ಟುವುದಿಲ್ಲ.

ಓಡಿಸಿ ನೋಡಿ

ಊರಲ್ಲಿ ಹಳೇ ಅಂಬಾಸಡರ್, ಪದ್ಮಿನಿ ಓಡಿಸಿದ ಕೈಗೆ ಸ್ಟೀರಿಂಗ್ ಪಕ್ಕದ ಗೇರು ಹೊಸದಲ್ಲ. ಇಲ್ಲಿ ಮೂರೇ ಗೇರು. ನಿಮ್ಮ ಕಡೆ ಎಳೆದು ಕೆಳಗೆ ಹಾಕಿದರೆ ಒಂದನೆಯದು, ಆಚೆ ತಳ್ಳಿ ಮೇಲೆ ಎರಡನೆಯದು, ಅಲ್ಲಿಂದ ನೇರ ಕೆಳಗೆ ಮೂರನೆಯದು. ಎಳೆದು ಮೇಲೆ ಹಾಕಿದರೆ ರಿವರ್ಸ್. ಒಂದನೇ ಗೇರಿಗೆ ಸಿಂಕ್ರೊ (ಹಲ್ಲುಗಳ ವೇಗ ಹೊಂದಿಸುವ ಭಾಗ) ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆಯೇ ಹಾಕಿ. ಎರಡರಿಂದ ಮೂರಕ್ಕೆ ಹೋಗುವಾಗ ಕರಕರ ಬಂದರೆ ಅದು ಕಾರಿನ ದೋಷ.

ಓವರ್‌ಡ್ರೈವ್ ಇರುವ ಕಾರಾದರೆ ಅದೃಷ್ಟ. ಡ್ಯಾಶ್ ಕೆಳಗೆ ಒಂದು ಹಿಡಿ ಇರುತ್ತದೆ. ಅದು ಒಳಗಿದ್ದಾಗ, ಗಂಟೆಗೆ 30 ಮೈಲಿ ಹತ್ತಿರ ಬಂದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸದ್ದಿಲ್ಲದೆ ಮೇಲಿನ ಗೇರಿಗೆ ಹೋಗುತ್ತದೆ. ಹೆದ್ದಾರಿಯಲ್ಲಿ ಎಂಜಿನ್ನಿಗೆ ಬಹಳ ಆರಾಮ. ಇದರಲ್ಲಿ ಒಂದು ಅಪಾಯವೂ ಇದೆ. ಹಿಡಿ ಒಳಗಿದ್ದು ವೇಗ ಕಮ್ಮಿ ಇದ್ದಾಗ ಗಾಡಿ ಸೈಕಲ್ಲಿನ ಹಾಗೆ ಸುಮ್ನೆ ಉರುಳುತ್ತದೆ, ಎಂಜಿನ್ ಹಿಡಿತ ಇರುವುದಿಲ್ಲ. ಇಳಿಜಾರಿಗೆ ಮುಂಚೆ, ಪಾರ್ಕ್ ಮಾಡುವ ಮುಂಚೆ ಹಿಡಿ ಹೊರಗೆ ಎಳೆದಿರಬೇಕು.

ಬ್ರೇಕ್ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಕ್ಷಮಿಸಿ. ನಾಲ್ಕೂ ಡ್ರಮ್ಮು, ಎಲ್ಲಕ್ಕೂ ಸೇರಿ ಬ್ರೇಕ್ ಆಯಿಲ್‌ಗೆ ಒಂದೇ ದಾರಿ. ಎಲ್ಲಿ ಒಂದು ಪೈಪು ಒಡೆದರೂ ನಾಲ್ಕೂ ಹೋದಂತೆ. ಹೊರಡುವ ಮುಂಚೆ ಪೆಡಲನ್ನು ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಪೆಡಲು ಮೆಲ್ಲಗೆ ಕೆಳಗೆ ಜಾರಿದರೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಸರಿಯಿಲ್ಲ, ಓಡಿಸಲೇ ಬೇಡಿ. ಖಾಲಿ ರಸ್ತೆಯಲ್ಲಿ 30 ಮೈಲಿ ವೇಗದಲ್ಲಿ ಸ್ಟೀರಿಂಗ್ ಸಡಿಲ ಹಿಡಿದು ಬ್ರೇಕ್ ಒತ್ತಿ. ಗಾಡಿ ಒಂದು ಕಡೆ ಎಳೆದರೆ ಆ ಬದಿ ಚೆನ್ನಾಗಿದೆ, ಎದುರು ಬದಿಯಲ್ಲಿ ಎಣ್ಣೆಯೋ ಅಂಟಿಕೊಂಡ ಪಿಸ್ಟನ್ನೋ ಇದೆ. ರಬ್ಬರ್ ಪೈಪಿನ ವಯಸ್ಸು ಕೇಳಿ. ಗೊತ್ತಿಲ್ಲ ಅಂದರೆ ಕೊಂಡ ವಾರವೇ ಎಲ್ಲ ಬದಲಾಯಿಸಿ. ದುಬಾರಿ ಏನಲ್ಲ. ಒಂದು ದಾರಿ ಹೋದರೂ ಇನ್ನೊಂದು ಹಿಡಿಯುವ ಎರಡು ಭಾಗದ ಮಾಸ್ಟರ್ ಸಿಲಿಂಡರ್ ಹಾಕಿಸಿದ ಕಾರನ್ನು ನೋಡಿ ಅಸಲಿತನ ಹೋಯಿತು ಅಂತ ಮೂಗು ಮುರಿಯುವವರಿದ್ದಾರೆ. ನಾನು ಆ ಕಾರಿಗೆ ಜಾಸ್ತಿ ದುಡ್ಡು ಕೊಡುತ್ತೇನೆ. ಸೀಟ್ ಬೆಲ್ಟ್ ಹಾಕಿಸಿದ್ದರೆ ಅದರ ಬೋಲ್ಟು ಬರೀ ನೆಲದ ತಗಡಿಗೆ ಹೋಗಿದೆಯೋ, ಹಿಂದೆ ದಪ್ಪ ಪ್ಲೇಟು ಇದೆಯೋ ನೋಡಿ.

ರೈಲ್ವೆ ಕ್ರಾಸಿಂಗ್ ಒಂದನ್ನು ಹುಡುಕಿ ನಿಧಾನವಾಗಿ ದಾಟಿ. ಮುಂದಿನ ಗಾಜಿನ ಚೌಕಟ್ಟು ಸ್ವಲ್ಪ ನಡುಗುವುದು ಹೊಸದಿದ್ದಾಗಲೂ ಇತ್ತು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಾಗಿಲು ಕಂಬಕ್ಕೆ ಬಡಿಯುವ ಸದ್ದು ಬಂದರೆ ಮಾತ್ರ ಆ ಜಾಕಿನ ಪರೀಕ್ಷೆ ನೆನೆಸಿಕೊಳ್ಳಿ. ಮಳೆ ಬಂದು, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ವೈಪರ್ ನಿಂತರೆ ಗಾಬರಿ ಬೇಡ. ಅದು ಎಂಜಿನ್ನಿನ ವ್ಯಾಕ್ಯೂಮಿನಲ್ಲಿ ಓಡುವುದು, ಕಾಲು ತೆಗೆದರೆ ಮತ್ತೆ ಆಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕು ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಬಿಳಿ ಪಟ್ಟಿ ಎಷ್ಟೇ ಚೆನ್ನಾಗಿರಲಿ, ಹತ್ತು ವರ್ಷ ದಾಟಿದ್ದರೆ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ.

ಬೆಲೆ, ಪ್ಲೇಟು

ಇಂಥ ಕಾರನ್ನು ಪೂರ್ತಿ ರಿಸ್ಟೋರ್ ಮಾಡಿಸಲು ಆಗುವ ಖರ್ಚು ಸಾಮಾನ್ಯವಾಗಿ ಮಾರಿದಾಗ ಬರುವುದಿಲ್ಲ. ಹಾಗಾಗಿ ಬೇರೆಯವರು ಖರ್ಚು ಮಾಡಿ ಮುಗಿಸಿದ ಕಾರು ಕೊಳ್ಳುವುದೇ ಜಾಣತನ, ಕೆಲಸ ಒಳ್ಳೆಯದಿದ್ದರೆ. ಕ್ರೋಮ್ ಬಗ್ಗೆ ಎಚ್ಚರ. ಬಂಪರಿಗೆ ಮತ್ತೆ ಕ್ರೋಮ್ ಹಾಕಿಸಬಹುದು. ಸತು ಎರಕದ ಸಣ್ಣ ಭಾಗಗಳಲ್ಲಿ ಗುಳಿ ಬಿದ್ದಿದ್ದರೆ ಅದನ್ನು ಸರಿಮಾಡುವವರು ಕಮ್ಮಿ, ಬಿಲ್ಲು ಜಾಸ್ತಿ. ಅರ್ಲಿ ವಿ-8 ಫೋರ್ಡ್ ಕ್ಲಬ್ ಆಫ್ ಅಮೆರಿಕ 1932ರಿಂದ 53ರ ತನಕದ ಫೋರ್ಡ್‌ಗಳ ಸಂಘ. ಕೊಳ್ಳುವ ಮುಂಚೆಯೇ ಸದಸ್ಯರಾಗಿ. ಹತ್ತಿರದ ಗುಂಪಿನಲ್ಲಿ ಇಂಥದ್ದೇ ಕಾರಿರುವ ಯಾರಾದರೂ ಹಿರಿಯರು ಜೊತೆಗೆ ಬಂದು ನೋಡಿಕೊಡುತ್ತಾರೆ. ಮಧ್ಯಾಹ್ನದ ಊಟ ನಿಮ್ಮದು. ಇನ್ಶೂರೆನ್ಸ್ ಮಾಡಿಸುವಾಗ ಬೆಲೆ ಇಷ್ಟು ಅಂತ ಮೊದಲೇ ಒಪ್ಪಿ ಬರೆದುಕೊಡುವ ಪಾಲಿಸಿಯನ್ನೇ ಕೇಳಿ. ಮಾಮೂಲಿ ಪಾಲಿಸಿಯವರ ಲೆಕ್ಕದಲ್ಲಿ ಎಪ್ಪತ್ತು ವರ್ಷದ ಕಾರು ಅಂದರೆ ಗುಜರಿ.

ಮಿಶಿಗನ್‌ನಲ್ಲಿ ಹಳೇ ಕಾರಿಗೆ ಕೊಡುವ ಹಿಸ್ಟಾರಿಕ್ ನಂಬರ್ ಪ್ಲೇಟ್ ತಗೊಂಡರೆ ಮೇಳ, ಮೆರವಣಿಗೆ, ಕ್ಲಬ್ ಕಾರ್ಯಕ್ರಮಗಳಿಗೆ ಓಡಿಸಬಹುದು, ಆಗಸ್ಟ್ ತಿಂಗಳಲ್ಲಿ ಮಾತ್ರ ಮಾಮೂಲಿ ಕಾರಿನ ಹಾಗೆ ಎಲ್ಲಿಗೆ ಬೇಕಾದರೂ. ಅದೇ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್ ಕಡೆಯ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ದೊಡ್ಡ ಹಳೇ ಕಾರುಗಳ ಓಡಾಟ ಇರುತ್ತದೆ, 1995ರಿಂದ ನಡೆಯುತ್ತಿದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಆಮೆ ನಡಿಗೆ. ಫ್ಲಾಟ್‌ಹೆಡ್‌ಗೆ ಅದಕ್ಕಿಂತ ಕಷ್ಟ ಬೇರೆ ಇಲ್ಲ. ಮೊದಲ ವರ್ಷ ಬೆಳಿಗ್ಗೆ ಬೇಗ ಹೋಗಿ ಒಂದು ಸುತ್ತು ಹಾಕಿ, ಹತ್ತು ಗಂಟೆಗೆ ಮುಂಚೆ ಮರದ ನೆರಳು ಹಿಡಿದು ನಿಲ್ಲಿಸಿ, ಕುರ್ಚಿ ಹಾಕಿಕೊಂಡು ಬೇರೆಯವರ ಕಾರು ಕುದಿಯುವುದನ್ನು ನೋಡಿ.